ಬುಧವಾರದ ಅಳತೆ

ಮಾರ್ಚ್ 3, ಸೋಮವಾರ

ತುಟಿಗೆ ಎರಡು ಹೊಲಿಗೆ. ಮೇಲಿನ ಹಲ್ಲು ಅಲ್ಲಾಡುತ್ತಿದೆ. ಮಾತಾಡಿದರೆ ಉರಿ. ಬರೆಯುವುದೇ ವಾಸಿ.

ಬೆಳಗ್ಗೆ ವಾರ್ಡಿನಲ್ಲಿ ಎಂದಿನ ಸುತ್ತು. ಮೂಲೆ ಬೆಡ್ಡಿನ ಟೈಲರ್. ಲಿವರ್ ಗಟ್ಟಿಯಾಗಿ ವರ್ಷಗಳಾಗಿವೆ. ಇರುವೆಗೂ ದಾರಿ ಬಿಡುವ ಮನುಷ್ಯ. ನನ್ನ ಕೋಟಿನ ಗುಂಡಿ ಕಿತ್ತುಬಂದರೆ ಬೆಡ್ಡಿನಲ್ಲೇ ಕುಳಿತು ಹಾಕಿಕೊಡುತ್ತಾನೆ. ತೋಳಿಗೆ ಅಳತೆ ಟೇಪ್ ಸುತ್ತಲು ಬಗ್ಗಿದೆ. ಸ್ಟೀಲ್ ತಟ್ಟೆ ತೆಗೆದು ಮುಖಕ್ಕೆ ಬೀಸಿದ. ಅಂಚು ತುಟಿಗೆ ಬಿತ್ತು. ನಾನು ಬಿದ್ದ ಮೇಲೆ ಎದೆಗೆ ಒದ್ದ. ಯಾವನೋ ನೀನು, ನನ್ನ ತೋಳು ಕದಿಯೋಕೆ ಬಂದಿದ್ದೀಯಾ ಎಂದು ಕಿರುಚುತ್ತಿದ್ದ. ಇಬ್ಬರು ವಾರ್ಡ್‌ಬಾಯ್‌ಗಳು ಮೈಮೇಲೆ ಕುಳಿತು ಹಿಡಿದರು.

ನಾಲ್ಕು ದಿನದಿಂದ ಮಲ ಹೋಗಿರಲಿಲ್ಲವಂತೆ. ಅಮೋನಿಯಾ ತಲೆಗೇರಿದೆ. ಲಿವರ್ ಕೆಟ್ಟರೆ ಹೀಗೇ... ಅದು ತೊಳೆಯಬೇಕಾದ ವಿಷ ರಕ್ತದಲ್ಲೇ ಉಳಿದು ಮಿದುಳಿಗೆ ಹೋಗುತ್ತದೆ. ಸಾಧು ಮನುಷ್ಯ ಬೀದಿ ರೌಡಿಯಾಗುತ್ತಾನೆ. ಎನಿಮಾ, ಡ್ರಿಪ್, ಸಿರಪ್. ಸಂಜೆಗೆ ತಲೆ ತಿಳಿಯಾಯಿತು. ನನ್ನ ತುಟಿ ನೋಡಿ "ಯಾರ್ ಸಾರ್ ಹೊಡೆದಿದ್ದು?" ಎಂದ. ಹೇಳಿದೆ. ದಿಂಬಿಗೆ ಮುಖ ಒತ್ತಿ ಅತ್ತ.

ಮನೆಗೆ ಬಂದರೆ ಇವಳು, "ಏನು ತಿಂದ್ರಿ ಅಂತ ಕೇಳೋ ಕೆಲಸಕ್ಕೂ ಹೆಲ್ಮೆಟ್ ಬೇಕಾ?" ಎಂದಳು. ಡಯಟಿಷಿಯನ್ ಅಂದರೆ ಸೌತೆಕಾಯಿ ಲೆಕ್ಕ ಹಾಕುವವನು ಎಂದು ಅವಳ ತವರಿನಲ್ಲಿ ಇವತ್ತಿಗೂ ನಗು.

ಅಕ್ಕ ಫೋನ್ ಮಾಡಿದ್ದಳು. ಭಾವನಿಗೂ ಲಿವರ್ ಕಾಯಿಲೆ, ಗೊತ್ತಾಗಿ ಎರಡು ವರ್ಷ. ಈಗ ಹೊಟ್ಟೆ ಊದಿದೆಯಂತೆ. ಹಗಲೆಲ್ಲ ನಿದ್ದೆ. ಮಾತು ತೊದಲು. ಟೈಲರ್ ವಿಷಯ ಹೇಳಿದೆ.

"ಹೊಡೆದಿದ್ದು ಅವನಿಗೇ ಗೊತ್ತಿರ್ಲಿಲ್ವಾ?"

"ಇಲ್ಲ."

"ಹಂಗಾದ್ರೆ ಇವರು ಹೊಡೆಯೋದೂ ಅದಕ್ಕೇ ಇರ್ಬೋದು ಅಲ್ವೇನೋ?"

ದನಿಯಲ್ಲಿ ಆಸೆ. ನನಗೂ ಆಸೆಯಾಯಿತು, ಸುಳ್ಳೇಕೆ. ಬುಧವಾರ ಕರೆದುಕೊಂಡು ಬಾ ಎಂದೆ.

ಮಾರ್ಚ್ 5, ಬುಧವಾರ

ಲಿವರ್ ಕ್ಲಿನಿಕ್ ದಿನ. ಕಾರಿಡಾರ್ ತುಂಬ ಹೊಟ್ಟೆಗಳು.

ಭಾವ ವೀಲ್‌ಚೇರಿನಲ್ಲಿ ಬಂದರು. ಗೋಡೌನಿನಲ್ಲಿ ಹಮಾಲರ ಮೇಸ್ತ್ರಿಯಾಗಿದ್ದವರು. ಮೂಟೆಯನ್ನು ಎತ್ತಿ ಹೆಗಲಿಗೆ ಎಸೆದುಕೊಳ್ಳುತ್ತಿದ್ದ ಕೈಗಳು. ಒಂದು ಹನಿ ಕುಡಿದವರಲ್ಲ. ಯಾವುದೋ ಕಾಲದ ಇಂಜೆಕ್ಷನ್ ಸೂಜಿಯಿಂದ ಬಂದ ವೈರಸ್. ಕುಡಿದು ಹೊಡೆಯುವ ಗಂಡನಾಗಿದ್ದರೆ ಹೆಂಡಕ್ಕೆ ಬೈದುಕೊಂಡು ಸುಮ್ಮನಿರಬಹುದಿತ್ತು. ಅಕ್ಕನಿಗೆ ಆ ಸಮಾಧಾನವೂ ಇರಲಿಲ್ಲ.

ತೂಕ ಎಪ್ಪತ್ತೊಂಬತ್ತು. "ನೋಡು, ದಪ್ಪ ಆಗಿದ್ದಾರೆ" ಎಂದಳು. ಎಲ್ಲರ ಮನೆಯವರೂ ಹೇಳುವುದು ಇದನ್ನೇ. ಹೊಟ್ಟೆಯ ನೀರು, ಕಾಲಿನ ಬಾವು ಕಳೆದರೆ ಅರವತ್ತಮೂರು ಉಳಿಯುತ್ತದೆ. ತೋಳಿಗೆ ಟೇಪ್ ಸುತ್ತಿದೆ. ಚರ್ಮ ಚಿವುಟಿ ಹಿಡಿದು ದಪ್ಪ ನೋಡಿದೆ. ಕೊಬ್ಬೂ ಇಲ್ಲ, ಮಾಂಸವೂ ಇಲ್ಲ. ಹಣೆಯ ಎರಡೂ ಬದಿ ಗುಳಿ. ಹಿಡಿತ ಅಳೆಯುವ ಮೆಷಿನ್ ಕೈಗೆ ಕೊಟ್ಟು, ಇರುವ ಶಕ್ತಿಯೆಲ್ಲ ಹಾಕಿ ಒತ್ತಿ ಭಾವ ಎಂದೆ. ಹದಿನಾಲ್ಕು ಕೆಜಿ. ಗಂಡಸಿಗೆ ಈ ವಯಸ್ಸಿನಲ್ಲಿ ಅದರ ಎರಡರಷ್ಟಾದರೂ ಬರಬೇಕು.

ಡಾಕ್ಟರಮ್ಮ, ಒಂದು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಪ್ರಾಣಿಗಳ ಹೆಸರು ಹೇಳಿ ಎಂದರು. ತಲೆಗೆ ಎಷ್ಟು ಏರಿದೆ ಎಂದು ನೋಡುವ ಸುಲಭದ ಪರೀಕ್ಷೆ. ತಲೆ ಸರಿಯಿರುವವರು ಇಪ್ಪತ್ತರ ಹತ್ತಿರ ಹೋಗುತ್ತಾರೆ. ಭಾವ ಹಸು ಎಂದರು. ನಾಯಿ. ಹಸು. ಆಮೇಲೆ ಗೋಡೆ ನೋಡುತ್ತ ಕುಳಿತರು. ಮತ್ತೊಂದು ಸಲ ಹಸು.

ನಿನ್ನೆ ಏನೇನು ತಿಂದರು ಎಂದು ಕೇಳುವುದು ನನ್ನ ಪಾಲಿನ ಕೆಲಸ. ಅಕ್ಕ ಹೇಳಿದಳು. ಬೆಳಗ್ಗೆ ಗಂಜಿ. ಮಧ್ಯಾಹ್ನ ಅನ್ನ, ತರಕಾರಿ ಬೇಯಿಸಿದ ನೀರು. ರಾತ್ರಿ... ಎರಡು ತುಂಡು ಬ್ರೆಡ್ಡಾ, ಇಲ್ಲ ಅದು ಮೊನ್ನೆ, ನಿನ್ನೆ ಒಂದೇ. ಹಳೇ ಡಾಕ್ಟರ್ ಒಬ್ಬರು ಮೊಟ್ಟೆ, ಬೇಳೆ, ಹಾಲು ಎಲ್ಲ ಬಂದ್ ಮಾಡಿಸಿದ್ದರಂತೆ. ತಿಂದರೆ ತಲೆ ಕೆಡುತ್ತದೆ ಎಂದು. ಒಂದು ದಿನವೂ ತಪ್ಪದೆ ಪಾಲಿಸಿದ್ದಾಳೆ.

"ಯಾವ ಕಾಲದ ಮಾತಮ್ಮ ಅದು" ಎಂದರು ಡಾಕ್ಟರಮ್ಮ. "ಲಿವರ್ ಕೈಬಿಟ್ಟ ಮೇಲೆ ಅಮೋನಿಯಾ ಎಳ್ಕೊಳ್ಳೋದು ಮೈಯಲ್ಲಿರೋ ಮಾಂಸ. ಅದನ್ನೂ ಕರಗಿಸಿದ್ರೆ ತಲೆ ಇನ್ನೂ ಕೆಡುತ್ತೆ. ತಿನ್ನಿಸಿ. ನಿಮ್ಮ ತಮ್ಮ ಹೇಳಿಕೊಟ್ಟ ಹಾಗೆ ತಿನ್ನಿಸಿ."

"ತಿಂದ್ರೆ ಸಿಟ್ಟು ಕಡಿಮೆ ಆಗುತ್ತಾ ಮೇಡಂ?"

"ತಲೆ ತಿಳಿ ಆಗುತ್ತೆ."

"ಈ ಕಾಯಿಲೆ ಮೊದಲಿಂದಲೂ ಒಳಗೇ ಇದ್ದಿರುತ್ತಾ?"

"ಇದ್ದಿರುತ್ತೆ. ಹತ್ತಿಪ್ಪತ್ತು ವರ್ಷ ಗೊತ್ತೇ ಆಗಲ್ಲ."

ಅಕ್ಕ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. ಮದುವೆಯಾದ ಹೊಸದರಲ್ಲಿ ಬಿದ್ದ ಮೊದಲ ಏಟಿನಿಂದ ಮೊನ್ನೆಯದರವರೆಗೆ ಎಲ್ಲವನ್ನೂ ಆ ಒಂದು ಮಾತಿನೊಳಗೆ ಹಾಕಿಕೊಂಡಳು. ಡಾಕ್ಟರಮ್ಮ ಹೇಳಿದ್ದು ಲಿವರಿನ ಬಗ್ಗೆ. ನಾನು ಬಾಯಿ ಬಿಡಲಿಲ್ಲ.

ಹೊರಡುವಾಗ ಭಾವ ಕೈ ಕುಲುಕಿದರು. ಅವರ ಹಳೆಯ ಆಟ ಅದು, ಎದುರಿನವನ ಬೆರಳು ನುಗ್ಗಾಗುವ ತನಕ ಒತ್ತುವುದು. ಒತ್ತಲು ನೋಡಿದರು. ಆಗಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಾರ್ಚ್ 6, ಗುರುವಾರ

ಇವಳ ಜೊತೆ ಜಗಳ.

"ಆ ಮನುಷ್ಯನ್ನ ತಿನ್ನಿಸಿ ಗಟ್ಟಿ ಮಾಡ್ತೀರಾ?"

"ತಲೆ ತಿಳಿ ಆದ್ರೆ ಹೊಡೆಯಲ್ಲ ಕಣೇ."

"ಕಾಯಿಲೆ ಬಂದು ಎರಡು ವರ್ಷ. ಅತ್ತಿಗೆಗೆ ಏಟು ಬೀಳ್ತಿರೋದು ನಾನು ಈ ಮನೆಗೆ ಬರೋಕ್ಕೂ ಮುಂಚಿನಿಂದ."

"ಒಳಗೇ ಇತ್ತಂತೆ."

"ಏನಿತ್ತು?"

ಉತ್ತರವಿಲ್ಲದಾಗ ನನಗೆ ಸಿಟ್ಟು ಬರುತ್ತದೆ. ಗಾಜಿನ ಲೋಟ ಗೋಡೆಗೆ ಬೀಸಿದೆ. ಪುಡಿಪುಡಿ. ಇವಳು ಪೊರಕೆ ತಂದು ನನ್ನ ಕೈಗೆ ಕೊಟ್ಟಳು.

"ನಿಮ್ಮ ಲಿವರ್ ಸರಿ ಇದೆ ತಾನೆ?"

ಗುಡಿಸಿದೆ.

ಮಾರ್ಚ್ 23, ಭಾನುವಾರ

ಅಕ್ಕನ ಮನೆ. ಕಬ್ಬಿಣದ ಮೆಟ್ಟಿಲು ಹತ್ತಿ ಎರಡನೇ ಮಹಡಿ. ಒಂದು ರೂಮು, ನಡುಮನೆ, ಅಡಿಗೆಮನೆ. ಫ್ರಿಜ್ಜಿನ ಬಾಗಿಲಿನಲ್ಲಿ ತಲೆಯಗಲದ ತಗ್ಗು. ಯಾರ ತಲೆ ಎಂದು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ನಾನು ಹೇಳಿಕೊಟ್ಟದ್ದನ್ನೆಲ್ಲ ಮಾಡುತ್ತಿದ್ದಾಳೆ. ಬೆಳಗ್ಗೆ ಎರಡು ಮೊಟ್ಟೆ, ಹಾಲು. ಹನ್ನೊಂದಕ್ಕೆ ಕಡಲೆಬೀಜ. ಮಧ್ಯಾಹ್ನ ಅನ್ನ, ಬೇಳೆ, ಮೊಸರು. ಉಪ್ಪು ಬಹಳ ಕಡಿಮೆ, ಯಾಕೆಂದರೆ ಉಪ್ಪು ಹೋದಲ್ಲಿ ನೀರು ನಿಲ್ಲುತ್ತದೆ. ಮಲಗುವ ಮುಂಚೆ ಹಾಲು, ಬ್ರೆಡ್ಡು. ಇದನ್ನು ಒತ್ತಿ ಒತ್ತಿ ಹೇಳಿದ್ದೆ. ನಮಗೆ ಒಂದು ರಾತ್ರಿ ಖಾಲಿ ಹೊಟ್ಟೆ ಅಂದರೆ ಏನೂ ಅಲ್ಲ. ಇವರಿಗೆ ಅದು ಎರಡು ಮೂರು ದಿನದ ಉಪವಾಸ. ಬೆಳಗಾಗುವುದರೊಳಗೆ ಮೈ ತನ್ನ ಮಾಂಸವನ್ನೇ ತಿಂದುಕೊಂಡಿರುತ್ತದೆ.

ಅಕ್ಕನ ಕತ್ತಿನ ಮೇಲೆ ನೀರುಬೊಬ್ಬೆ. ಮಲಗುವಾಗ ಕೊಟ್ಟ ಬಿಸಿ ಹಾಲನ್ನು ಮುಖಕ್ಕೆ ಎರಚಿದರಂತೆ. ಪುಣ್ಯಕ್ಕೆ ಮುಖ ತಿರುಗಿಸಿದಳು.

"ಅಮೋನಿಯಾ ಕಣೋ. ಎರಡು ದಿನದಿಂದ ಜಾಸ್ತಿ ಇದೆ."

ಬಂದು ಠಿಕಾಣಿ ಹೂಡಿದ ನೆಂಟನ ಬಗ್ಗೆ ಹೇಳುವ ಹಾಗೆ ಹೇಳುತ್ತಾಳೆ.

"ಎರಚಿದ ಮೇಲೆ ಏನ್ಮಾಡ್ದೆ?"

"ಇನ್ನೊಂದು ಲೋಟ ಕಾಯಿಸ್ದೆ. ಕುಡಿದ್ರು."

ಒಳಗಿನಿಂದ ಭಾವ ಯಾರದು ಎಂದರು. ನಾನು ಎಂದೆ. ನಾನು ಅಂದ್ರೆ ಯಾರು ಎಂದರು. ಹತ್ತಿರ ಹೋಗಿ ಮುಖ ತೋರಿಸಿದೆ. ಗುರುತು ಸಿಗಲಿಲ್ಲ. ಇಷ್ಟು ಮಬ್ಬಾಗಿರುವವರ ಮೇಲೆ ಸಿಟ್ಟು ಮಾಡಿಕೊಂಡು ಏನು ಸುಖ. ಅಕ್ಕನ ಮಾತೇ ನಿಜವಿರಬಹುದು ಅನಿಸಿತು. ಬಸ್ಸಿನಲ್ಲಿ ಬರುವಾಗ ಮನಸ್ಸು ಹಗುರ.

ಏಪ್ರಿಲ್ 9, ಬುಧವಾರ

ನಡೆದುಕೊಂಡು ಬಂದರು.

ತೂಕ ಏಳು ಕೆಜಿ ಇಳಿದಿದೆ. ಅಕ್ಕನಿಗೆ ಗಾಬರಿ. "ಇಷ್ಟು ತಿನ್ನಿಸಿದ್ದಕ್ಕೆ ಇಳಿದುಬಿಟ್ರಲ್ಲೋ." ಇಳಿದದ್ದು ನೀರು, ಏರಿದ್ದು ಮೈ ಎಂದು ಟೇಪ್ ತೋರಿಸಿದೆ. ತೋಳು ಒಂದು ಸೆಂಟಿಮೀಟರ್ ದಪ್ಪಗಾಗಿದೆ. ಹಿಡಿತ ಹತ್ತೊಂಬತ್ತು. ತಕ್ಕಡಿ ಸುಳ್ಳು ಹೇಳುತ್ತದೆ, ತೋಳು ಹೇಳುವುದಿಲ್ಲ... ಹದಿನೈದು ವರ್ಷದಿಂದ ಇದನ್ನೇ ಹೇಳಿ ಹೇಳಿ ಗಂಟಲು ಒಣಗಿದೆ.

"ಏನಯ್ಯಾ ಟೇಪು" ಎಂದರು ಭಾವ. ನನಗೆ ಅವರಿಟ್ಟ ಹೆಸರು. ನೆನಪು ಬಂದಿದೆ.

ಹಾಲು ಎರಚಿದ ಮೇಲೆ ಒಂದೂ ಏಟಿಲ್ಲವಂತೆ. ಕ್ಯಾಂಟೀನಿನಲ್ಲಿ ಮೂವರೂ ಟೀ ಕುಡಿದೆವು. ಅಕ್ಕ ಮೊಟ್ಟೆ ಸುಲಿದು ಅವರ ಬಾಯಿಗೇ ಇಟ್ಟಳು. ಅವರು ಏನೋ ತಮಾಷೆ ಮಾಡಿದರು, ನಕ್ಕಳು. ಅವಳ ಹಿಂದಿನ ಹಲ್ಲು ಒಂದು ಇಲ್ಲ ಎಂಬುದು ನಕ್ಕಾಗ ಕಂಡಿತು. ಅವಳು ನಕ್ಕು ಎಷ್ಟು ಕಾಲವಾಗಿತ್ತು ಎಂದು ಆಗ ತಿಳಿಯಿತು.

ಏಪ್ರಿಲ್ 30, ಬುಧವಾರ

ಹಿಡಿತ ಇಪ್ಪತ್ತೈದು.

ಡಾಕ್ಟರಮ್ಮ ಕಾರಿಡಾರಿನಲ್ಲಿದ್ದವರನ್ನೆಲ್ಲ ಕರೆದು ಭಾವನನ್ನು ತೋರಿಸಿದರು. "ನೋಡಿ, ಸರಿಯಾಗಿ ತಿಂದ್ರೆ ಹೀಗಾಗುತ್ತೆ." ಭಾವ ತೋಳು ಮಡಿಸಿ ಉಬ್ಬಿಸಿದರು. ಎಲ್ಲರೂ ಚಪ್ಪಾಳೆ. ಆಮೇಲೆ ನನ್ನ ಕೈ ಕುಲುಕಿದರು. ಗೆಣ್ಣು ಲಟಲಟ ಎಂದಿತು.

"ನೋವಾಯ್ತಾ ಟೇಪು?"

"ಇಲ್ಲ ಭಾವ."

ಬೆರಳು ಊದಿದೆ. ಪೆನ್ನು ಹಿಡಿಯಲು ಕಷ್ಟ. ಆದರೂ ಹೆಮ್ಮೆ. ನನ್ನ ಕೈಯಲ್ಲಿ ಎದ್ದು ನಿಂತ ಮನುಷ್ಯ. ಅಕ್ಕ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಸುಸ್ತು ಎಂದಳು.

ಮೇ 14, ಬುಧವಾರ

ಬರಲಿಲ್ಲ. ಅಕ್ಕನ ಫೋನ್ ಸ್ವಿಚ್ ಆಫ್.

ಮೇ 17, ಶನಿವಾರ

ಕತ್ತು ತಿರುಗಿಸಲು ಆಗುತ್ತಿಲ್ಲ. ಒಂದೊಂದಾಗಿ ಬರೆಯುತ್ತೇನೆ.

ಬಾಗಿಲು ಭಾವನೇ ತೆಗೆದರು. ಸ್ನಾನವಾಗಿದೆ, ಇಸ್ತ್ರಿ ಶರ್ಟು. ಟಿವಿ ಮುಂದೆ ಕಡಲೆಬೀಜ. ನಾನು ತಿನ್ನಲು ಹೇಳಿದ್ದ ಕಡಲೆಬೀಜ.

"ಅಕ್ಕ ಎಲ್ಲಿ?"

"ಅಡಿಗೆಮನೇಲಿ. ಕೈ ಮುರ್ಕೊಂಡು ಕೂತಿದ್ದಾಳೆ."

ಸಿಂಕಿನ ಕೆಳಗೆ ನೆಲದ ಮೇಲೆ ಕುಳಿತಿದ್ದಳು. ಎಡಗೈ ಟವೆಲ್ಲಿನಲ್ಲಿ. ಮಣಿಕಟ್ಟು ಇರಬೇಕಾದ ಜಾಗದಲ್ಲಿರಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು. ಗೋಡೆಯ ಮೇಲೆ ಒಣಗಿದ ರಕ್ತ, ಅದಕ್ಕೆ ಅಂಟಿದ ಕೂದಲು.

"ಅಮೋನಿಯಾ" ಎಂದಳು. "ಡಾಕ್ಟ್ರಿಗೆ ಹೇಳಿ ಸಿರಪ್ ಜಾಸ್ತಿ ಮಾಡ್ಸು."

ನಡುಮನೆಗೆ ಬಂದು ಟಿವಿ ಆರಿಸಿದೆ. ಏನಾಯಿತು ಎಂದು ಕೇಳಿದೆ. ಭಾವ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. ಮಂಗಳವಾರ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದಳು, ಫೋನ್ ಒಡೆದು ಹಾಕಿದೆ, ಕಣ್ಣಿಗೆ ಒಂದು ಕೊಟ್ಟೆ. ನಿನ್ನೆ ಎದುರುಮನೆಯವಳ ಹತ್ತಿರ ಮೆಟ್ಟಿಲ ಮೇಲೆ ನಿಂತಿದ್ದಳು. ಒಂದು ಸಲ ಕರೆದೆ, ಬಂದೆ ಅಂದಳು, ಬರಲಿಲ್ಲ. ಬಂದ ಮೇಲೆ ಬಾಗಿಲು ಹಾಕಿದೆ. ಕೈ ತಿರುವಿದೆ. ಸದ್ದು ಬಂತು.

"ಎಲ್ಲಾ ನೆನಪಿದ್ಯಾ ನಿಮಗೆ?"

"ಯಾಕೆ ನೆನಪಿರಲ್ಲ? ನಂಗೇನು ಅರಳುಮರುಳಾ?"

ಏನು ತೋಚಿತೋ. ಪ್ರಾಣಿಗಳ ಹೆಸರು ಹೇಳಿ ಎಂದೆ. ಒಂದು ನಿಮಿಷ. ವಾಚ್ ನೋಡುತ್ತ ನಿಂತೆ. ಬರಬಾರದು, ಹಸು ನಾಯಿಗೇ ನಿಂತುಹೋಗಬೇಕು ಎಂದು ಒಳಗೊಳಗೇ ಬೇಡಿಕೊಂಡೆ. ಅಕ್ಕ ಎದ್ದು ಬಂದು ಅಡಿಗೆಮನೆ ಬಾಗಿಲಲ್ಲಿ ನಿಂತಳು. ಅವಳೂ ಅದನ್ನೇ ಬೇಡುತ್ತಿದ್ದಳು, ನನಗೆ ಗೊತ್ತು.

ಆನೆ, ಕುದುರೆ, ಕತ್ತೆ, ಒಂಟೆ. ಹುಲಿ, ಸಿಂಹ, ಚಿರತೆ, ಕರಡಿ, ತೋಳ, ನರಿ. ಬೆರಳು ಮಡಿಸುತ್ತ, ನಗುತ್ತ. ಮೊಲ, ಮುಂಗುಸಿ, ಅಳಿಲು, ಹೆಗ್ಗಣ. ಜಿಂಕೆ, ಕಾಡೆಮ್ಮೆ, ಜಿರಾಫೆ, ಜೀಬ್ರಾ, ಮಂಗ, ಹಂದಿ, ಮೇಕೆ. ಇಪ್ಪತ್ತು ದಾಟಿತು. ನಿಮಿಷ ಇನ್ನೂ ಉಳಿದಿತ್ತು. ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದರು. "ಅಗೋ, ಅಲ್ಲೊಂದು ನಿಂತಿದೆ. ಅದನ್ನೂ ಸೇರಿಸ್ಕೋ."

ಅಕ್ಕನ ಮುಖ ನೋಡಿದೆ. ನೋಡಬಾರದಿತ್ತು. ಏಟು ತಿಂದಾಗಲೂ ಆ ಮುಖ ಹಾಗಾದದ್ದನ್ನು ಕಂಡಿಲ್ಲ.

ಕಡಲೆಬೀಜದ ತಟ್ಟೆಯಿಂದ ಅವರ ಮುಖಕ್ಕೆ ಬಾರಿಸಿದೆ. ಮೂಗೊಡೆದು ರಕ್ತ ಇಸ್ತ್ರಿ ಶರ್ಟಿನ ಮೇಲೆ ಇಳಿಯಿತು. ಎದ್ದರು. ಒಂದೇ ಕೈಯಲ್ಲಿ ಕತ್ತು ಹಿಡಿದು ಗೋಡೆಗೆ ಒತ್ತಿದರು. ಹಿಮ್ಮಡಿ ನೆಲ ಬಿಟ್ಟಿತು. ಆ ಬೆರಳುಗಳಿಗೆ ಎಷ್ಟು ಬಲವಿದೆ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ. ಹದಿನಾಲ್ಕನ್ನು ಇಪ್ಪತ್ತೈದು ಮಾಡಿದವನು ನಾನು. ಕಣ್ಣಿಗೆ ಕತ್ತಲೆ ಬರುವ ಹೊತ್ತಿಗೆ ಅಕ್ಕ ಇನ್ನೊಂದು ಕೈಯಲ್ಲಿ ಬಾಣಲೆ ತಂದು ಬೆನ್ನಿಗೆ ಹೊಡೆದಳು. ಬಿಟ್ಟರು. ನಗುತ್ತಲೇ ಇದ್ದರು.

ಇನ್ನು ಮೇಲೆ ಈ ಪುಸ್ತಕದಲ್ಲಿ ಅವನಿಗೆ ಮರ್ಯಾದೆ ಇಲ್ಲ.

ಮೇ 18, ಭಾನುವಾರ

ಅಕ್ಕನ ಕೈಗೆ ಪ್ಲಾಸ್ಟರ್. ಡಾಕ್ಟರ್ ಕೇಳಿದ್ದಕ್ಕೆ ಬಾತ್‌ರೂಮಿನಲ್ಲಿ ಜಾರಿದೆ ಎಂದಳು. ಪೊಲೀಸ್ ಸ್ಟೇಷನ್ನಿಗೆ ಎಳೆದುಕೊಂಡು ಹೋದೆ. ಅಲ್ಲೂ ಬಾತ್‌ರೂಮು. ಪೊಲೀಸಿನವನು ನನ್ನ ಕತ್ತಿನ ಮೇಲಿನ ಬೆರಳಿನ ಗುರುತು ನೋಡಿ, "ನೀವೂ ಬಾತ್‌ರೂಮಲ್ಲೇ ಜಾರಿದ್ರಾ?" ಎಂದ.

ನಮ್ಮ ಮನೆಗೆ ಬಾ ಎಂದೆ. ಬರುವುದಿಲ್ಲ ಎಂದಳು. ಆಟೋದಲ್ಲಿ ಕುಳಿತಳು.

"ಇನ್ನು ಕಾಯಿಲೆ ಅನ್ನೋಕ್ಕಾಗಲ್ಲ ಅಲ್ವಾ" ಎಂದಳು. "ಇಷ್ಟು ವರ್ಷ ಒಳಗೆ ಏನೋ ಇತ್ತು ಅಂದ್ಕೊಂಡಿದ್ದೆ. ಇದ್ದಿದ್ದು ಅವರೇ."

ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಬಚ್ಚಲ ಬಾಗಿಲಿಗೆ ಗುದ್ದಿದೆ, ಪ್ಲೈವುಡ್ ತೂತಾಗುವ ತನಕ. ಇವಳು ಈ ಸಲ ಪೊರಕೆ ತರಲಿಲ್ಲ. ಬಿಸಿನೀರು, ಬಟ್ಟೆ ತಂದಳು.

ಜೂನ್ 11, ಬುಧವಾರ

ಇಬ್ಬರೂ ಬಂದರು. ಆಗಿದ್ದನ್ನೆಲ್ಲ ಡಾಕ್ಟರಮ್ಮನಿಗೆ ಮೊದಲೇ ಹೇಳಿದ್ದೆ. ಅಕ್ಕನನ್ನು ಬೇರೆ ಕೂರಿಸಿಕೊಂಡು ಕೇಳಿದರು. ಬಾತ್‌ರೂಮು. ನನ್ನ ಬದಲು ಬೇರೆ ಯಾರಾದರೂ ಅಳೆಯಲಿ ಎಂದೆ. ಬೇರೆ ಯಾರಿದ್ದಾರೆ.

ತೂಕ ನಾಲ್ಕು ಕೆಜಿ ಏರಿದೆ. ಅವನಿಗೆ ಖುಷಿ. ಟೇಪ್ ಸುತ್ತಿದೆ. ತೋಳು ಇಳಿದಿದೆ. ಇನ್ನೊಂದು ಸಲ ಸುತ್ತಿದೆ, ಅಷ್ಟೇ. ಹಿಡಿತ ಹತ್ತೊಂಬತ್ತು. ಹೊಟ್ಟೆಯ ಚರ್ಮ ಬಿಗಿದು ಹೊಳೆಯುತ್ತಿದೆ. ಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತದೆ.

ನಿನ್ನೆ ಏನೇನು ತಿಂದರು ಎಂದೆ. ಅಕ್ಕ ಹೇಳಿದಳು. ಬೆಳಗ್ಗೆ ಎರಡು ಮೊಟ್ಟೆ, ಹಾಲು. ಹನ್ನೊಂದಕ್ಕೆ ಕಡಲೆಬೀಜ. ಮಧ್ಯಾಹ್ನ ಅನ್ನ, ಬೇಳೆ, ಮೊಸರು. ಮಲಗುವಾಗ ಹಾಲು, ಬ್ರೆಡ್ಡು. ನಾನು ಹೇಳಿಕೊಟ್ಟ ಅದೇ ಮಾತು, ಅದೇ ಕ್ರಮ. ನಿಜವಾಗಿ ತಿನ್ನಿಸಿದವರು ತಡವರಿಸುತ್ತಾರೆ. ಮರೆಯುತ್ತಾರೆ. ನಿನ್ನೆಯದಾ ಮೊನ್ನೆಯದಾ ಎಂದು ತಮ್ಮತಮ್ಮಲ್ಲೇ ಜಗಳವಾಡುತ್ತಾರೆ. ಪಾಠ ಒಪ್ಪಿಸುವುದಿಲ್ಲ.

"ಮಲಗುವಾಗ ತಿಂತೀರಾ?" ಅವನನ್ನು ಕೇಳಿದೆ.

"ಏನೋ ಕೊಡ್ತಾಳೆ, ನೆನಪಿಲ್ಲ. ಆದ್ರೆ ಒಂದು ಮಾತು ಹೇಳ್ಬೇಕು ಟೇಪು. ಈಗೀಗ ನಿಮ್ಮಕ್ಕನ ಕೈಗೆ ರುಚಿ ಬಂದಿದೆ. ಮೊದಲೆಲ್ಲ ಸಪ್ಪೆ, ಬಾಯಿಗಿಡೋಕ್ಕಾಗ್ತಿರ್ಲಿಲ್ಲ."

ಉಪ್ಪು.

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಡಾಕ್ಟರಮ್ಮ ಬಂದರು. "ಊಟ ಹೇಗಿದೆ?"

"ಸರಿಯಾಗಿದೆ ಮೇಡಂ" ಎಂದೆ.

ಊಟ ಸರಿಯಿದ್ದೂ ಇಳಿಯುತ್ತಿದ್ದಾರೆ ಅಂದರೆ ಒಳಗೆ ಏನೋ ಇರಬೇಕು, ಬಾಯಿಯಿಂದ ಸ್ಕೋಪ್ ಇಳಿಸಿ ನೋಡೋಣ ಎಂದರು.

ಜೂನ್ 12, ಗುರುವಾರ

ಅರ್ಧ ದಿನ ರಜೆ ಹಾಕಿ ಹೋದೆ. ಅವನು ಮತ್ತೆ ಹಗಲು ಮಲಗಲು ಶುರುಮಾಡಿದ್ದಾನೆ. ಅಡಿಗೆಮನೆಯಲ್ಲಿ ಪಿಸುಮಾತು.

"ಉಪ್ಪು ಹಾಕ್ತಿದ್ದೀಯಾ?"

"ಅವರಿಗೆ ಇಷ್ಟ."

"ಮಲಗುವಾಗ ಹಾಲು?"

"ಇಲ್ಲ."

"ಮೊಟ್ಟೆ?"

"ನಾನು ತಿಂತಿದ್ದೀನಿ. ಮೂಳೆ ಕೂಡ್ಕೋಬೇಕಲ್ಲ."

"ಅಕ್ಕ, ಸತ್ತುಹೋಗ್ತಾನೆ."

"ಏನು ಕೊಟ್ರೆ ಏಳ್ತಾರೆ ಅಂತ ಹೇಳಿಕೊಟ್ಟೋನು ನೀನು. ಅದನ್ನ ಕೊಡ್ತಿಲ್ಲ, ಅಷ್ಟೆ. ನಾನೇನು ಕೈ ಎತ್ತಿದ್ನಾ?"

"ಬಿಟ್ಟು ಬಾ. ಇವತ್ತೇ ಬಾ."

"ಹದಿನೇಳು ವರ್ಷ ಈ ಮನೇಲಿ ಏಟು ತಿಂದೋಳು ನಾನು. ಎದ್ದು ಹೋಗೋಳೂ ನಾನೇನಾ?"

ಭಾನುವಾರ ಹೊಡೆದನಂತೆ. ಬೆಲ್ಟಿನಿಂದ, ಬೆನ್ನಿಗೆ. ತೋರಿಸು ಎಂದರೆ ತೋರಿಸಲಿಲ್ಲ. "ಮೊದಲಿನಷ್ಟು ನೋವಾಗಲ್ಲ ಈಗ. ಎರಡೇಟಿಗೆ ಏದುಸಿರು ಬಿಡ್ತಾರೆ."

ನನಗೆ ಬೈಯಬೇಕು ಅನಿಸಿತು. ಅವಳ ಕಾಲು ಹಿಡಿಯಬೇಕು ಅನಿಸಿತು. ಒಳಗೆ ಹೋಗಿ ದಿಂಬು ಅವನ ಮುಖಕ್ಕೆ ಒತ್ತಬೇಕು ಎಂದೂ ಅನಿಸಿತು, ಬರೆದುಬಿಡುತ್ತೇನೆ. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಬಾಗಿಲಲ್ಲಿ ನಿಂತು ನೋಡಿ ಬಂದೆ.

ಜೂನ್ 20, ಶುಕ್ರವಾರ

ಇವಳಿಗೆ ಎಲ್ಲ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಅವನು ಸಾಯ್ಲಿ ಅಂತ ನಾನೂ ಎಷ್ಟೋ ಸಲ ಅಂದಿದ್ದೀನಿ ರೀ. ಆದ್ರೆ ಅತ್ತಿಗೆ ಕೈಯಲ್ಲಿ ಬೇಡ. ಸತ್ತ ಮೇಲೂ ಅವರ ಕುತ್ತಿಗೆಗೇ ಕೂತ್ಕೋತಾನೆ. ಡಾಕ್ಟ್ರಿಗೆ ಹೇಳಿ. ಅಡ್ಮಿಟ್ ಮಾಡ್ಕೊಳ್ಲಿ. ಅಷ್ಟರಲ್ಲಿ ಅವರನ್ನ ಇಲ್ಲಿಗೆ ಎಳ್ಕೊಂಡು ಬರೋಣ."

ಹೇಳುತ್ತೇನೆ ಎಂದೆ. ಬುಧವಾರ ಹೇಳುತ್ತೇನೆ.

ಜೂನ್ 25, ಬುಧವಾರ

ಹಿಡಿತ ಹದಿನೈದು. ಕೈ ಕುಲುಕಲಿಲ್ಲ.

ಸ್ಕೋಪ್ ಆಯಿತು. ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿವೆ. ಮುಂದಿನ ಬುಧವಾರ ಅವುಗಳಿಗೆ ರಬ್ಬರ್ ಬ್ಯಾಂಡ್ ಬಿಗಿಯಬೇಕು. ಅಷ್ಟರೊಳಗೆ ಒಡೆದರೆ ರಕ್ತ ವಾಂತಿ, ಒಂದು ಕ್ಷಣವೂ ಕಾಯಬೇಡಿ ಎಂದರು ಡಾಕ್ಟರಮ್ಮ.

"ರಕ್ತ ಬಂದ ಮೇಲೆ ಎಷ್ಟು ಹೊತ್ತು ಇರ್ತಾರೆ ಮೇಡಂ?" ಎಂದಳು ಅಕ್ಕ.

"ಹೊತ್ತು ಇರಲ್ಲಮ್ಮ. ತಕ್ಷಣ ಬರ್ಬೇಕು."

ತಲೆಯಾಡಿಸಿದಳು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಇಷ್ಟು ತಿಂದೂ ಯಾಕೆ ಇಳೀತಿದ್ದಾರೆ? ನಿಮಗೇನಾದ್ರೂ ಹೊಳೀತಾ?" ಎಂದರು. ಬಾಯಿ ತೆರೆದೆ. ಗಾಜಿನಾಚೆ ಬೆಂಚಿನ ಮೇಲೆ ಅಕ್ಕ, ಪ್ಲಾಸ್ಟರಿನ ಕೈ ಮಡಿಲಲ್ಲಿಟ್ಟುಕೊಂಡು. ಇಲ್ಲ ಮೇಡಂ ಎಂದೆ.

ಟೈಲರ್ ಬಂದಿದ್ದ. ಚೆನ್ನಾಗಿದ್ದಾನೆ. ಮತ್ತೆ ಕತ್ತರಿ ಹಿಡಿಯುತ್ತಿದ್ದಾನಂತೆ. ನನ್ನ ತುಟಿಯ ಗಾಯದ ಗುರುತು ನೋಡಿ ಈ ಸಲವೂ ಕೈಮುಗಿದ. ತಿಳಿಯದೆ ಒಂದೇ ಒಂದು ಸಲ ಹೊಡೆದವನು ಕಂಡಾಗಲೆಲ್ಲ ಕ್ಷಮೆ ಕೇಳುತ್ತಾನೆ. ಸಾಕು ಮಾರಾಯ ಎಂದು ರೇಗಿದೆ. ಪಾಪ, ಹೆದರಿದ.

ಜುಲೈ 2, ಬುಧವಾರ

ಬ್ಯಾಂಡಿಂಗಿಗೆ ಬರಲಿಲ್ಲ. ಸಿಸ್ಟರ್ ಎರಡು ಸಲ ಕೂಗಿದರು. ನಿಮ್ಮ ಭಾವ ಅಲ್ವಾ ಸಾರ್, ಫೋನ್ ಮಾಡಿ ನೋಡಿ ಎಂದರು.

ಮಾಡುತ್ತೇನೆ ಎಂದೆ. ಮಾಡಲಿಲ್ಲ.

ಜುಲೈ 6, ಭಾನುವಾರ, ಮಧ್ಯಾಹ್ನ

ಈಗಷ್ಟೇ ಅಕ್ಕನ ಫೋನು. ಎದುರುಮನೆಯವಳ ನಂಬರಿನಿಂದ. ದನಿ ತಣ್ಣಗಿತ್ತು.

"ವಾಂತಿ ಮಾಡ್ಕೊಂಡ್ರು ಕಣೋ. ರಕ್ತ. ಬಕೆಟ್ ಅರ್ಧ ಆಗಿದೆ."

"ಆಂಬುಲೆನ್ಸ್‌ಗೆ ಹೇಳಿದ್ಯಾ?"

"ನಿಂಗೆ ಹೇಳೋಣ ಅಂತ ಮಾಡ್ದೆ."

"ಎಚ್ಚರ ಇದ್ದಾನಾ?"

"ಇದ್ದಾರೆ. ನೀರು ಕೇಳ್ತಿದ್ದಾರೆ."

ಹಿಂದೆ ಅವನ ದನಿ. ಅಕ್ಕನನ್ನು ಕರೆಯುತ್ತಿದ್ದ. ಬಯ್ಗುಳವಲ್ಲ. ಹೆಸರು ಹಿಡಿದು ಕರೆಯುತ್ತಿದ್ದ.

"ನೀನು ಊಟ ಮಾಡಿದ್ಯಾ?" ಎಂದಳು ಅಕ್ಕ.

"ಇಲ್ಲ."

"ಊಟ ಮಾಡ್ಕೊಂಡೇ ಬಾ. ಅವಸರ ಏನಿಲ್ಲ."

ಇಟ್ಟಳು.

ಬೈಕಿನಲ್ಲಿ ಹೋದರೆ ಹತ್ತು ನಿಮಿಷದ ದಾರಿ. ಆಂಬುಲೆನ್ಸ್ ಅದಕ್ಕೂ ಬೇಗ ಹೋಗುತ್ತದೆ. ನಂಬರ್ ಒತ್ತಿ ಒಂದು ಮಾತು ಹೇಳಿದರೆ ಮುಗಿಯಿತು. ಫೋನ್ ಈ ಪುಸ್ತಕದ ಪಕ್ಕದಲ್ಲೇ ಇದೆ. ಕುಳಿತು ಬರೆಯುತ್ತಿದ್ದೇನೆ. ಎರಡು ಪುಟವಾಯಿತು.

ಯಾರ ಫೋನು ಎಂದು ಇವಳು ಒಳಗಿನಿಂದ ಕೇಳಿದಳು. ಅಕ್ಕನದು ಎಂದೆ. ಏನಂತೆ ಎಂದಳು. ಊಟ ಆಯ್ತಾ ಅಂತ ಕೇಳಿದಳು ಎಂದೆ. ಸುಳ್ಳಲ್ಲ.

ತಟ್ಟೆ ಹಾಕಿದ್ದಾಳೆ. ಅನ್ನ ಆರುತ್ತಿದೆಯಂತೆ. ಬಂದೆ ಎಂದೆ. ಎದ್ದಿಲ್ಲ. ಮೊದಲು ಫೋನ್ ಮಾಡಿ ಆಮೇಲೆ ಊಟ. ಇಲ್ಲ, ಕೈ ತೊಳೆದುಕೊಂಡು ಮೊದಲು